ಎರಡು ಗುಡ್ಡ, ನಡುವೆ ಸೂರ್ಯ

ಬಯಲಹಾಳ,
ಎರೆಬಿರಿ ಮಾಸ, ಎಂಬತ್ತೇಳನೆಯ ತಾರೀಕು,
ಶಾಲಿವಾಹನ ಶಕ ೨೧೬೨

ಬಯಲಹಾಳ ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ,

ಮೇಲಿನ ತಾರೀಕನ್ನು ಕಂಡು ನಕ್ಕು ಕಾಗದವನ್ನು ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ನಾಲ್ಕೇ ತಿಂಗಳು. ಎರೆಮಣ್ಣು ಒಣಗಿ ಬಾಯಿ ಬಿಡುವ ತಿಂಗಳಿಗೆ ಎರೆಬಿರಿ ಎನ್ನುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಇಲಾಖೆಯ ಸುತ್ತೋಲೆಗಳನ್ನು ಓದಿ, ಆದ್ದರಿಂದ ಸ್ವಲ್ಪ ಬಿಗಿ ಇರುವುದು ಸಹಜ. ನನ್ನ ಹೆಸರು ಕಾಶೀಬಾಯಿ ಹೊಸಮನಿ. ನಿಮ್ಮ ಶಾಲೆ ಇದ್ದ ಜಾಗದಲ್ಲೇ ನಾನೂ ಡ್ರಾಯಿಂಗ್ ಕಲಿಸುತ್ತೇನೆ. ಹಿಂದಂಚೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ, ನಮಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಬಹಳ ಜನ ತಮ್ಮ ಮುತ್ತಜ್ಜಿಗೋ ಮುತ್ತಜ್ಜನಿಗೋ ಬರೆದು ಕ್ಷೇಮ ವಿಚಾರಿಸುತ್ತಾರೆ. ನಾನು ನಿಮ್ಮನ್ನು ಆರಿಸಿಕೊಂಡೆ. ಪ್ರೀತಿಯಿಂದ ಆರಿಸಿಕೊಂಡೆ ಎಂದು ತಿಳಿಯಬೇಡಿ.

ಮೊದಲು ಒಂದು ಶಬ್ದದ ವಿಚಾರ. ನಿಮ್ಮಲ್ಲಿ ಅಕ್ಷರವನ್ನೂ ಬರೆಯುತ್ತಿದ್ದರು, ಚಿತ್ರವನ್ನೂ ಬರೆಯುತ್ತಿದ್ದರು. ನಮ್ಮಲ್ಲಿ ಚಿತ್ರ ಬರೆಯುವುದು ಎಂದರೆ ಸಾಕ್ಷಿ ಹೇಳುವುದು. ಹೀಗಾದದ್ದು ನಿಮ್ಮ ಕಾಲದ ಪುಣ್ಯದಿಂದಲೇ. ಇಲ್ಲದ ಊರಿನ, ಆಗದ ಮದುವೆಯ, ಹುಟ್ಟದ ಮನುಷ್ಯನ ಫೋಟೋಗಳನ್ನು ಯಂತ್ರಗಳಿಂದ ಮಾಡಿಸತೊಡಗಿದಿರಲ್ಲ, ನಿಮ್ಮ ಮೊಮ್ಮಕ್ಕಳ ಹೊತ್ತಿಗೆ ಯಾವ ಫೋಟೋ ಖರೆ, ಯಾವುದು ಸುಳ್ಳು ಎಂದು ಹೇಳಬಲ್ಲವರೇ ಉಳಿಯಲಿಲ್ಲ. ಕೋರ್ಟುಗಳು ಬೇಸತ್ತು ಫೋಟೋಗಳನ್ನೆಲ್ಲ ತಳ್ಳಿಹಾಕಿದವು. ಕೈಯಿಂದ ಬರೆದದ್ದಷ್ಟೇ ಸಾಕ್ಷಿ ಎಂಬ ಕಾಯಿದೆ ಬಂತು. ದೊಡ್ಡವರ ಕೈಯಲ್ಲಿ ಆಸೆ ಇರುತ್ತದೆ, ಮಕ್ಕಳ ಕೈಯಲ್ಲಿ ಇರುವುದಿಲ್ಲ, ಆದ್ದರಿಂದ ಮಕ್ಕಳು ಬರೆದದ್ದೇ ಮೇಲು ಎಂದು ಅದಕ್ಕೊಂದು ತಿದ್ದುಪಡಿಯೂ ಬಂತು. ಕೇಳಲು ಎಷ್ಟು ಚೆಂದ ನೋಡಿ! ನಾನೂ ಚಿಕ್ಕವಳಿದ್ದಾಗ ಆ ತಿದ್ದುಪಡಿಯನ್ನು ಬಾಯಿಪಾಠ ಮಾಡಿ ಬಹುಮಾನ ಗೆದ್ದವಳೇ.

ಆಮೇಲೆ ಧೂಳಿನ ವರ್ಷಗಳು ಬಂದವು. ಜನ ಊರು ಬಿಟ್ಟು ಚದುರಿ, ಯಾವ ಊರು ಹೇಗಿತ್ತು ಎಂಬುದೇ ಅವರಿಗೆ ಮರೆತುಹೋಯಿತು. ಹಳೆಯ ನಾಡನ್ನು ಇದ್ದಂತೆಯೇ ಮತ್ತೆ ಕಟ್ಟಿಕೊಡಲು ಮರುರೂಪ ಮಂಡಳಿಯನ್ನು ನೇಮಿಸಿದರು. ಮಂಡಳಿಯವರು ಕಳ್ಳರಲ್ಲ, ಅದೇ ದೊಡ್ಡ ತೊಂದರೆ. ಶಾಲೆಗಳ ಕಪಾಟುಗಳಿಂದ ನಿಮ್ಮ ಕಾಲದ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಹೊರಗೆ ತೆಗೆದು, ಧೂಳು ಕೊಡವಿ, ಶ್ರದ್ಧೆಯಿಂದ ಜೋಡಿಸಿ ನೋಡಿದರು. ಬೀದರಿನ ಮಗು, ಕಾರವಾರದ ಮಗು, ಕೋಲಾರದ ಮಗು, ನಮ್ಮ ಬಯಲಹಾಳದ ಮಗು, ಎಲ್ಲರದ್ದೂ ಒಂದೇ ಸಾಕ್ಷಿ. ಏನೆಂದು ನಿಮಗೆ ಗೊತ್ತು. ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಸಂದಿಯಿಂದ ಇಳಿದು ಬರುವ ಹೊಳೆ, ಪಕ್ಕದಲ್ಲೊಂದು ಗುಡಿಸಲು, ಒಂದು ಬಾಗಿದ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಬಯಲಹಾಳದಲ್ಲಿ ನಿಂತರೆ ನಾಲ್ಕು ದಿಕ್ಕಿಗೂ ಕಣ್ಣಿಗೆ ಅಡ್ಡಿಯಿಲ್ಲ, ಎರೆಹೊಲ ಹೋಗಿ ಮುಟ್ಟುವುದು ಆಕಾಶವನ್ನೇ. ಗುಡ್ಡ ಎಂದರೇನು ಎಂದು ತಿಳಿಯಲು ನಿಮ್ಮ ಮಕ್ಕಳು ಬಸ್ಸು ಹತ್ತಬೇಕಿತ್ತು. ಆದರೂ ಪ್ರತಿ ಹಾಳೆಯಲ್ಲೂ ಎರಡೆರಡು ಗುಡ್ಡ, ಪ್ರತಿ ಹಾಳೆಗೂ ಕೆಂಪು ಶಾಯಿಯಲ್ಲಿ ನಿಮ್ಮ ರೈಟು ಗುರುತು.

ಹೀಗಾಗಿ ನಮಗೆ ಗುಡ್ಡ ಕಟ್ಟಿಕೊಟ್ಟರು. ಸರಕಾರಿ ಕಾಗದಪತ್ರಗಳಲ್ಲಿ ಅವಕ್ಕೆ ಎಡಗುಡ್ಡ, ಬಲಗುಡ್ಡ ಎಂದು ಹೆಸರು. ಕಟ್ಟಲು ಮಣ್ಣು ಬೇಕಲ್ಲ, ಸುತ್ತಲಿನ ಹೊಲಗಳ ಎರೆಯನ್ನೇ ಕೆರೆದು ಒಟ್ಟಿದರು. ಹಿಂಗಾರಿ ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಈಗ ಕೆಳಗಿನ ಬಿಳಿ ಗರಸುಕಲ್ಲು ಹಲ್ಲು ಕಿಸಿಯುತ್ತಿದೆ. ಎರೆಮಣ್ಣು ಗುಡ್ಡವಾಗಿ ನಿಲ್ಲುವ ಜಾತಿಯದ್ದಲ್ಲ. ಪ್ರತಿ ಮಳೆಗಾಲಕ್ಕೂ ತುದಿ ಕುಸಿಯುತ್ತದೆ, ಮಳೆ ನಿಂತ ಮೇಲೆ ಆಳುಗಳು ಹತ್ತಿ ಪೆನ್ಸಿಲ್ಲಿನಂತೆ ಮತ್ತೆ ಚೂಪು ಮಾಡುತ್ತಾರೆ. ಸೂರ್ಯ ಎಲ್ಲ ದಿನವೂ ನಡುವೆಯೇ ಹುಟ್ಟಲು ಒಪ್ಪಲಿಲ್ಲವಾದ್ದರಿಂದ ಸಂದಿಯಲ್ಲಿ ತಗಡಿನ ಅರ್ಧ ಸೂರ್ಯನನ್ನು ನಿಲ್ಲಿಸಿದ್ದಾರೆ. ನಿಮ್ಮ ಮಕ್ಕಳು ಹೊಳೆಯನ್ನು ದೂರದಲ್ಲಿ ಸಣ್ಣದಾಗಿ, ಹತ್ತಿರದಲ್ಲಿ ಅಗಲವಾಗಿ ಬರೆದರು. ದೂರದ್ದು ಸಣ್ಣದಾಗಿ ಕಾಣುತ್ತದೆ ಎಂಬ ಪಾಠವನ್ನು ನೀವು ಮಾಡಿದ್ದಿರೋ ಇಲ್ಲವೋ, ಮಂಡಳಿಯವರಿಗಂತೂ ಯಾರೂ ಮಾಡಿರಲಿಲ್ಲ. ಅವರು ಕಾಲುವೆಯನ್ನು ಹಾಗೆಯೇ ಅಗೆದರು. ನೀರು ಅಗಲದ ತುದಿಗೆ ಬಂದು ನಿಂತು ಹಸಿರುಗಟ್ಟಿ, ಊರಿಗೆಲ್ಲ ಸೊಳ್ಳೆ. ಮನೆಗಳ ಕಥೆ ಇನ್ನೂ ಚೆಂದ. ನಮ್ಮವು ಚಪ್ಪಟೆ ಮಾಳಿಗೆಯ ಮಣ್ಣಿನ ಮನೆಗಳು. ಮೆಣಸಿನಕಾಯಿ ಒಣಗಿಸುವುದು, ಬೇಸಿಗೆಯಲ್ಲಿ ಮಲಗುವುದು, ಜಗಳವಾದರೆ ಮುನಿಸಿಕೊಂಡು ಹೋಗಿ ಕೂಡುವುದು ಎಲ್ಲ ಮಾಳಿಗೆಯ ಮೇಲೆಯೇ. ಈಗ ಎಲ್ಲದಕ್ಕೂ ತ್ರಿಕೋನದ ಚಾವಣಿ ಕಡ್ಡಾಯ. ಮೆಣಸಿನಕಾಯಿ ಉರುಳಿ ಬೀದಿಗೆ ಬೀಳುತ್ತದೆ.

ನನ್ನ ಶಾಲೆಯಲ್ಲಿ ನಾನು ಕಲಿಸುವುದು ಗೆರೆ, ಆಕಾರ, ಬಣ್ಣ, ನೆರಳು, ಮೈ, ಇಂಬು. ಮೈ ಎಂದರೆ ಕೈಗೆ ಸಿಗುವ ಒರಟು ನಯ. ಇಂಬು ಎಂದರೆ ವಸ್ತುಗಳ ನಡುವಿನ ಬಯಲು. ಹಾಳೆ ಕೊಟ್ಟು ಎದುರಿಗಿರುವ ಬೇವಿನ ಮರ ಬರೆಯಿರಿ ಎಂದರೆ ಮಕ್ಕಳು ಮರದ ಕಡೆ ನೋಡುವುದೇ ಇಲ್ಲ. ತಲೆ ತಗ್ಗಿಸಿ ಮೊದಲು ಎರಡು ಗುಡ್ಡ ಎಳೆದುಬಿಡುತ್ತಾರೆ. ಅದಕ್ಕೆ ಮೊದಲ ವಾರ ನಾನು ಪೆನ್ಸಿಲ್ಲನ್ನೇ ಕೊಡುವುದಿಲ್ಲ. ಬರೀ ನಿಲ್ಲಿಸುತ್ತೇನೆ. ಟೊಂಗೆಗಳ ಸಂದಿಯಲ್ಲಿ ಕಾಣುವ ಆಕಾಶದ ತುಂಡುಗಳ ಆಕಾರವನ್ನು ಬೆರಳಿನಿಂದ ಗಾಳಿಯಲ್ಲಿ ತೋರಿಸಿ ಎನ್ನುತ್ತೇನೆ. ಎರೆ ಕಪ್ಪಲ್ಲ, ಹಸಿ ಇದ್ದಾಗ ಹಳೆ ಬೆಲ್ಲದ ಬಣ್ಣ, ಮಧ್ಯಾಹ್ನದ ಬಿಸಿಲಿಗೆ ಅದರಲ್ಲಿ ನೀಲಿ ಏಳುತ್ತದೆ ಎಂದು ತೋರಿಸುತ್ತೇನೆ. ತಂದೆ ತಾಯಿಗಳು ಬಂದು, ಎಲ್ಲ ಶಾಲೆಗಳಲ್ಲಿ ಪೂರಾ ಚಿತ್ರ ಕಲಿಸಿ ಮುಗಿಸಿದರು, ನಿಮ್ಮಲ್ಲಿ ಇನ್ನೂ ಗೆರೆಯೇ ಮುಗಿದಿಲ್ಲವಲ್ಲ ಎಂದು ಬೈದು ಹೋಗುತ್ತಾರೆ.

ಹೋದ ವರ್ಷ ನನ್ನ ತರಗತಿಗೆ ಬಾಳವ್ವ ಬಂದಳು. ನನಗಿಂತ ಹಿರಿಯಳು. ಊರಿನಲ್ಲಿ ಎರೆ ಉಳಿದಿರುವುದು ಅವಳ ಹೊಲವೊಂದರಲ್ಲೇ, ಬಲಗುಡ್ಡದ ತುದಿಗೆ ಅದನ್ನೂ ಕೆರೆಯಬೇಕೆಂದು ನೋಟಿಸು ಬಂದಿತ್ತು. ಹೊಲ ಮೊದಲಿನಿಂದಲೂ ಹೀಗೇ ಇತ್ತು ಎಂದು ತಾನೇ ಬರೆದು ಮಂಡಳಿಗೆ ಕೊಡಬೇಕೆಂಬುದು ಅವಳ ಹಟ. ಮೊದಲ ದಿನ ಸೊಂಟದ ಮೇಲೆ ಕೈಯಿಟ್ಟು ಹೊಲ ನೋಡಿದಳು. “ಅಕ್ಕಾರ, ಇದು ಒಂದಽ ಗೆರಿ ಐತಲ್ರಿ. ಇದ್ರಾಗ ಕಲಿಯೂದೇನೈತಿ?” ಎಂದಳು. ಆ ಒಂದು ಗೆರೆ ಅವಳಿಗೆ ಒಂದು ಇಡೀ ಸುಗ್ಗಿಯಷ್ಟು ಕಾಲ ತಿಂದಿತು. ಕೈ ನಡುಗಿದರೆ ನೆಲವೇ ನಡುಗಿದಂತೆ ಕಾಣುತ್ತಿತ್ತು. ಸಿಟ್ಟಿಗೆದ್ದು ಹಾಳೆ ಹರಿಯುತ್ತಿದ್ದಳು, ಮರುದಿನ ಮತ್ತೆ ಬರುತ್ತಿದ್ದಳು. ಕೊನೆಗೊಂದು ದಿನ ಗೆರೆ ನಿಂತಿತು. ಕೆಳಗೆ ಬಿರುಕುಬಿಟ್ಟ ಎರೆ, ಮೇಲೆ ಬರೀ ಆಕಾಶ. ಅದನ್ನು ನೋಡಿ ನನಗೆ ಅಳು ಬಂತು, ಹೇಳಲು ನಾಚಿಕೆಯಿಲ್ಲ.

ಮಂಡಳಿಯ ಸಾಕ್ಷಿ ಅಧಿಕಾರಿ ರುದ್ರಾಂಬಿಕೆ ಒಳ್ಳೆಯ ಹೆಂಗಸು. ನಮ್ಮನ್ನು ಕೂರಿಸಿ ಚಹಾ ಕೊಟ್ಟು ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಭಾಳ ಛಲೋ ಬರ್ದೀಯವ್ವಾ. ಆದ್ರ ನೀ ದೊಡ್ಡಾಕಿ, ಹೊಲಾ ಬ್ಯಾರೆ ನಿಂದು. ಆಗಿನ ಕಾಲದ ಲಕ್ಷಾಂತರ ಹುಡುಗ್ರು ಗುಡ್ಡ ಬರ್ದಾವು. ಕೂಸುಗೋಳು ಸುಳ್ಳ ಬರೀತಾವೇನು?” ಎಂದಳು. ಕೂಸುಗಳು ಸುಳ್ಳು ಬರೆದಿರಲಿಲ್ಲ, ಮಾಸ್ತರರೇ. ಕಪ್ಪು ಹಲಗೆಯ ಮೇಲೆ ನೀವು ಬರೆದದ್ದನ್ನು ನೋಡಿ ಇದ್ದದ್ದು ಇದ್ದಂತೆ ಇಳಿಸಿಕೊಂಡಿದ್ದವು. ಅದನ್ನೇ ಅವಳಿಗೂ ಹೇಳಿದೆ. ನಿಮ್ಮ ಕಾಲದ ಒಂದು ಮಗು, ಈ ಊರಿನದೇ ಒಂದು ಮಗು, ಊರನ್ನು ನೋಡಿ ಬರೆದ ಒಂದೇ ಒಂದು ಹಾಳೆ ಸಿಕ್ಕರೂ ನೋಟಿಸು ನಿಲ್ಲಿಸುತ್ತೇನೆ ಎಂದು ರುದ್ರಾಂಬಿಕೆ ಮಾತು ಕೊಟ್ಟಳು.

ಬಯಲಹಾಳದ ಹಳೆಯ ಚಿತ್ರಗಳ ಗಂಟುಗಳನ್ನು ಬಾಳವ್ವ, ನಾನು ಇಬ್ಬರೂ ಕೂತು ಬಿಚ್ಚಿದೆವು. ಗುಡ್ಡ, ಗುಡ್ಡ, ಗುಡ್ಡ. ಒಂದು ಹಾಳೆಯಲ್ಲಿ ಮಾತ್ರ ಗುಡ್ಡವಿರಲಿಲ್ಲ. ಮೂಲೆಯಲ್ಲಿ ಹೆಸರಿತ್ತು, ನೀಲವ್ವ, ಆರನೆಯ ಇಯತ್ತೆ. ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಗೆರೆ ಎಳೆದು, ಕೆಳಗೆ ಕಂದು, ಕಪ್ಪು, ನೀಲಿ ಬಣ್ಣದ ಕಡ್ಡಿಗಳನ್ನು ಒಂದರ ಮೇಲೊಂದು ಒತ್ತಿ ತಿಕ್ಕಿದ್ದಳು. ಬಿರುಕುಗಳನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಗೆರೆ, ಬಣ್ಣ, ಮೈ, ಇಂಬು ಯಾವುದನ್ನೂ ಯಾರೂ ಕಲಿಸದೆ ಕಿಟಕಿಯಿಂದ ನೋಡಿಯೇ ಕಂಡುಕೊಂಡಿದ್ದಳು. ಅದರ ಮೇಲೆ ಮೂಲೆಯಿಂದ ಮೂಲೆಗೆ ನಿಮ್ಮ ಕೆಂಪು ಶಾಯಿಯ ಗೀಟು. ಕೆಳಗೆ ನಿಮ್ಮ ದುಂಡನೆಯ ಅಕ್ಷರ: ‘ಅಪೂರ್ಣ. ಗುಡ್ಡ ಎಲ್ಲಿ?’

ತನ್ನ ಕಾಲದ ಗುರುವೇ ತಪ್ಪೆಂದು ಹೊಡೆದುಹಾಕಿದ ಹಾಳೆ ಸಾಕ್ಷಿಗೆ ನಿಲ್ಲುವುದಿಲ್ಲವಂತೆ. ರುದ್ರಾಂಬಿಕೆ ತಲೆ ತಗ್ಗಿಸಿಯೇ ಅದನ್ನು ಹೇಳಿದಳು. ನಾಡಿದ್ದು ಬಾಳವ್ವನ ಹೊಲಕ್ಕೆ ಯಂತ್ರ ಬರುತ್ತದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ನಿಮ್ಮ ಪೀರಿಯಡ್ಡನ್ನು ಗಣಿತದವರು ಪೋರ್ಷನ್ ಮುಗಿಸಲು ಕಸಿದುಕೊಳ್ಳುತ್ತಿದ್ದರು, ಜನಗಣತಿಗೆ ನಿಮ್ಮನ್ನೇ ಅಟ್ಟುತ್ತಿದ್ದರು, ಶಾಲೆಯ ವಾರ್ಷಿಕ ಗ್ಯಾದರಿಂಗಿನ ಬ್ಯಾನರನ್ನೂ ನಿಮ್ಮಿಂದಲೇ ಬರೆಸುತ್ತಿದ್ದರು. ಉಳಿದ ಹತ್ತು ನಿಮಿಷಕ್ಕೆ ಎರಡು ಗುಡ್ಡ ಎಳೆದರೆ ಮಕ್ಕಳು ಸುಮ್ಮನಿರುತ್ತಿದ್ದರು. ಎಲ್ಲ ಒಪ್ಪುತ್ತೇನೆ. ಆದರೂ ಆ ಮಗು ಕಿಟಕಿಯ ಹೊರಗೆ ನೋಡಿದಾಗ ನೀವೂ ಒಮ್ಮೆ ಕತ್ತು ತಿರುಗಿಸಬಹುದಿತ್ತು. ಅದಕ್ಕೆ ಯಾವ ಸುತ್ತೋಲೆಯೂ ಅಡ್ಡಬರುತ್ತಿರಲಿಲ್ಲ. ಅದನ್ನು ನಾನು ಕ್ಷಮಿಸಲಾರೆ.

ನನ್ನ ವಿನಂತಿ ಸಣ್ಣದು. ನೀಲವ್ವ ಆ ಹಾಳೆಯನ್ನು ತಂದುಕೊಟ್ಟಾಗ ಕೆಂಪು ಪೆನ್ನನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಹಿಂದಂಚೆಗೆ ಉತ್ತರ ಬರುವ ಪದ್ಧತಿಯಿಲ್ಲ. ಅಲ್ಲಿ ನೀವು ಮಾತು ಕೇಳಿದರೆ ಇಲ್ಲಿ ನಮ್ಮ ಕೈಯಲ್ಲಿರುವ ವಸ್ತು ಬದಲಾಗುತ್ತದೆ, ಅದೇ ಉತ್ತರ. ಅಂಚೆಗೆ ಹಾಕುವ ಮೊದಲು, ಹಾಕಿದ ಆಮೇಲೆ ಎಂಬ ಭೇದ ಇದಕ್ಕಿಲ್ಲ. ನಾನು ಕಾಗದ ಬರೆಯುವವಳು ಎಂದಾದರೆ ಅದು ನಿಮಗೆ ಎಂದೋ ತಲುಪಿ ಆಗಿದೆ, ನೀವು ಓದಿಯೂ ಆಗಿದೆ.

ಬಾಳವ್ವ ನನ್ನೆದುರಿಗೆ ಕೂತಿದ್ದಾಳೆ. ನೀಲವ್ವನ ಹಾಳೆ ಅವಳ ತೊಡೆಯ ಮೇಲಿದೆ. ನಾನು ಒಂದು ಸಾಲು ಮುಗಿಸಿದಾಗಲೆಲ್ಲ ಬಗ್ಗಿ ನೋಡಿ, “ಇನ್ನೂ ಕೆಂಪಗಽ ಐತ್ರಿ ಅಕ್ಕಾರ” ಎನ್ನುತ್ತಾಳೆ. “ಕಾಗದ ಇನ್ನೂ ಅಂಚಿಗೆ ಹಾಕಿಲ್ಲಲ್ಲವ್ವಾ, ತಡಿ” ಎಂದು ಹೇಳಿ ಕೂರಿಸಿದ್ದೇನೆ.

ಇಂತು,
ಕಾಶೀಬಾಯಿ ಹೊಸಮನಿ