ಚಿಕ್ಕದಾಗಿ ಬರೆದ ಅಂದಾಜು

ಹೊಲಿಗೆ ವಿಭಾಗ, ಕಾರ್ಯಾಗಾರದ ಹಿಂಬದಿ
ಮಂಗಳವಾರ, ಊಟದ ಬಿಡುವು

ಪ್ರೀತಿಯ ಮಗಳೇ ಚೂಟಿ,

ಹೇಗಿದ್ದೀಯ? ಅಣ್ಣನ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲಿಯ ಹಾಗೆ ಬರೀ ಚಹಾದಲ್ಲೇ ದಿನ ದೂಡುತ್ತಿದ್ದೀಯೋ? ಕುತ್ತಿಗೆ ನೋವಿಗೆ ಬಿಸಿನೀರಿನ ಚೀಲ ಇಟ್ಟುಕೋ. ಅತ್ತಿಗೆ ಬಡಿಸಿದ್ದನ್ನು ಬೇಡ ಅನ್ನಬೇಡ. ಅವಳು ಮುನಿಸಿಕೊಂಡರೆ ನಿನ್ನಣ್ಣನಿಗೂ ಉಪವಾಸ. ನಿನ್ನ ಈ ಸೋದರತ್ತೆಯ ಮಂಡಿ ನೋವು ಇದ್ದದ್ದೇ. ಉಳಿದಂತೆ ಚೆನ್ನಾಗಿದ್ದೇನೆ ಎಂದು ಬರೆಯಲು ಪೆನ್ನು ಮುಂದೆ ಹೋಗುತ್ತಿಲ್ಲ.

ಯೋಜನೆ ರದ್ದಾಯಿತಲ್ಲ, ನಿನ್ನೆ ನಮ್ಮ ಆಮೆಯ ಹೊದಿಕೆಯನ್ನು ನಾನೇ ಬಿಚ್ಚಿದೆ. ದೂರದ ಗ್ರಹವೊಂದರ ಹಿಮ ಕವಿದ ಚಂದ್ರನ ಮೇಲಿಳಿದು ನೆಲ ಕೊರೆಯಬೇಕಿದ್ದ ರೋಬೋ, ಸ್ನಾನ ಮಾಡಿಸಲು ನಿಲ್ಲಿಸಿದ ಮಗುವಿನ ಹಾಗೆ ಬರಿಮೈಯಲ್ಲಿ ನಿಂತಿತ್ತು. ಚಳಿ ತಡೆಯಲೆಂದು ಪದರದ ಮೇಲೆ ಪದರವಿಟ್ಟು ನಾನೇ ಹೊಲಿದ ಬೆಳ್ಳಿ ಬಣ್ಣದ ಹಾಳೆಗಳು ಇನ್ನೊಂದು ನೌಕೆಗೆ ಹೋಗುತ್ತವಂತೆ. ಕತ್ತರಿ ಹಾಕುವಾಗ ಅದರ ಕಾಲು ಮಾಡಿದ ಮೇಸ್ತ್ರಿ ಪಕ್ಕದಲ್ಲೇ ಇದ್ದ. ಬಿಚ್ಚಿದ ಹಾಳೆಗಳನ್ನು ಒಂದೊಂದಾಗಿ ಮಡಚಿಟ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಿನಗೆ ಗೊತ್ತಿಲ್ಲದ್ದೊಂದು ಇದೆ, ಕೇಳು. ಹಿಂದಿನ ಸಾಹೇಬರು ಯಾರು ಎಷ್ಟು ಖರ್ಚಿನ ಅಂದಾಜು ಕೊಟ್ಟರೂ ಕಣ್ಣುಮುಚ್ಚಿ ಮೂರರಲ್ಲೊಂದು ಪಾಲು ಹೊಡೆದುಹಾಕುತ್ತಿದ್ದರು. ಅದಕ್ಕೇ ನಾವೆಲ್ಲ ಮೊದಲೇ ಏರಿಸಿ ಬರೆಯುತ್ತಿದ್ದೆವು. ಕಳ್ಳನಿಗೊಂದು ಪಿಳ್ಳೆ ನೆವ ಅಂದುಕೋ, ಹಾಗೇ ಕೆಲಸ ನಡೆದಿತ್ತು. ನೀನು ಮುಖ್ಯಸ್ಥೆಯಾದ ದಿನ ಎಲ್ಲರನ್ನೂ ಕೂರಿಸಿಕೊಂಡು, "ನಾನು ಒಂದು ಕಾಸೂ ಕತ್ತರಿಸಲ್ಲ, ನಿಜ ಬರ್ಕೊಡಿ" ಅಂದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಹೆಮ್ಮೆಯೇ ತಲೆಗೇರಿತು. ನೀನು ಹೊರಗೆ ಹೋದದ್ದೇ ತಡ, ಒಬ್ಬೊಬ್ಬರ ಮೇಜಿಗೂ ಹೋಗಿ ಹೇಳಿದೆ: "ನಮ್ಮ ಹುಡುಗಿಯ ಮೊದಲನೇ ಯೋಜನೆ. ದೊಡ್ಡ ಅಂಕಿ ನೋಡಿದ್ರೆ ಮೇಲಿನೋರು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಚಿಕ್ಕದಾಗಿ ಬರೀರಿ, ಒಳಗೆ ಬರ್ಲಿ, ಆಮೇಲೆ ನೋಡ್ಕೊಳ್ಳೋಣ." ಮೇಸ್ತ್ರಿ, "ಅಕ್ಕಾ, ಪರೀಕ್ಷೆಲಿ ಕಾಲು ಮುರಿದ್ರೆ?" ಅಂದ. "ಮುರಿಯೋ ಹಾಗೆ ಯಾಕಯ್ಯಾ ಮಾಡ್ತೀಯ?" ಅಂದೆ. ಎಲ್ಲರೂ ನಕ್ಕರು. ನಕ್ಕು, ಚಿಕ್ಕದಾಗಿಯೇ ಬರೆದರು. ನನ್ನ ಮೇಲಿನ ಮರ್ಯಾದೆಗೆ, ನಿನ್ನ ಮೇಲಿನ ಅಕ್ಕರೆಗೆ.

ಆಮೇಲಿನದು ನಿನಗೇ ಗೊತ್ತು. ಶೀತಕೋಣೆಯ ಪರೀಕ್ಷೆಯಲ್ಲಿ ಆಮೆಯ ಕೊರೆಯುವ ತೋಳು ಮರಗಟ್ಟಿತು. ಹೊಸ ತೋಳು ಭಾರವಾಯಿತು, ಆ ಭಾರಕ್ಕೆ ಕಾಲು ಬಾಗಿತು, ಕಾಲು ಬದಲಾದಾಗ ನನ್ನ ಹೊದಿಕೆಯ ಅಳತೆಯೂ ಕೆಟ್ಟಿತು. ಒಂದೇ ಒಂದು ಎಡವಟ್ಟಿಗೂ ನಮ್ಮ ಅಂದಾಜಿನಲ್ಲಿ ಜಾಗವಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಾನು ಹಾಸಿಗೆಯ ಅಳತೆಯನ್ನೇ ನಿನಗೆ ಸುಳ್ಳು ಹೇಳಿದ್ದೆ.

ಯೋಜನೆ ನಿಲ್ಲಿಸಿದ ಸಮಿತಿಯವರು ಕೆಟ್ಟವರೇನಲ್ಲ. "ಅರ್ಧ ಕೆಲಸ ಬಾಕಿ, ಹಣ ಪೂರ್ತಿ ಖಾಲಿ. ಇದಕ್ಕೇ ಸುರೀತಾ ಹೋದ್ರೆ ಉಳಿದೆರಡು ನೌಕೆಗಳೂ ನೆಲ ಬಿಡಲ್ಲ" ಎಂದ ಆ ಹೆಂಗಸಿನ ದನಿಯಲ್ಲೂ ಸಂಕಟವಿತ್ತು. ಮೊದಲ ಅಂದಾಜು ಇಷ್ಟು ಕಡಿಮೆ ಹೇಗಾಯಿತು ಎಂದು ಕೇಳಿದಾಗ ನೀನು ಎದ್ದು ನಿಂತು, "ಲೆಕ್ಕ ನನ್ನದು" ಅಂದೆ. ಗೋಡೆಗೊರಗಿದ್ದ ನಾನು ನೆಲ ನೋಡಿದೆ. ನಿನ್ನನ್ನು ಎತ್ತಿ ಆಡಿಸಿದ ಸೋದರತ್ತೆ, ಬಾಯಿ ಹೊಲಿದುಕೊಂಡವಳ ಹಾಗೆ ನಿಂತೇ ಇದ್ದೆ. "ಮುಖ್ಯಸ್ಥೆಯ ತಪ್ಪು ಲೆಕ್ಕದಿಂದ ಯೋಜನೆ ರದ್ದು" ಎಂದು ವರದಿ ಆಗಿದೆ. ಇನ್ನು ಯಾವ ಯೋಜನೆಯನ್ನೂ ನಿನ್ನ ಕೈಗೆ ಕೊಡಲಾರರು ಎಂದು ಕ್ಯಾಂಟೀನಿನಲ್ಲಿ ಆಡಿಕೊಳ್ಳುತ್ತಾರೆ. ತಟ್ಟೆ ಹಿಡಿದು ಅದನ್ನು ಕೇಳಿಸಿಕೊಂಡು, ಉಂಡು ಬಂದಿದ್ದೇನೆ.

ನಿನ್ನ ಆರೋಗ್ಯ ಚೆನ್ನಾಗಿರಲಿ, ಕಣ್ತುಂಬ ನಿದ್ದೆ ಬರಲಿ. ಹರಸುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಹರಸದೆ ಇರಲಾರೆ.

ನಿನ್ನ
ಅತ್ತೆ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಮಹಡಿ ಹತ್ತಿ ಸಮಿತಿಯ ಆ ಹೆಂಗಸಿಗೆ ಎಲ್ಲ ಹೇಳಿ ಬಂದೆ. ಬೇರೆ ಯಾರನ್ನೂ ಎಳೆದು ತರಲಿಲ್ಲ, ಹೇಳಿಕೊಟ್ಟವಳು ನಾನೇ ಅಂದೆ. ಆಮೆ ಮತ್ತೆ ಏಳುವುದಿಲ್ಲವಂತೆ, ಆದರೆ ವರದಿಯಿಂದ ನಿನ್ನ ಮೇಲಿನ ಆ ಸಾಲು ತೆಗೆಯಬಹುದಂತೆ. ಗುರುವಾರ ನಿನ್ನನ್ನು ಕರೆಸಿ ಕೇಳುತ್ತಾರೆ. ನನ್ನನ್ನು ಉಳಿಸಲು ಹೋಗಿ ಮತ್ತೆ "ಲೆಕ್ಕ ನನ್ನದು" ಅನ್ನಬೇಡ. ನಿನಗೆ ಗೊತ್ತಿರಲಿಲ್ಲ, ಅಷ್ಟನ್ನೇ ಹೇಳು. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಹಿಂದಿನ ಗೇಟಿನಿಂದ ಬಾ. ಆ ಹೊತ್ತಿಗೆ ನಾನು ಮುಂದಿನ ಗೇಟಿನ ಬಳಿ ಇರುತ್ತೇನೆ.