ಉಡಿ ತುಂಬಿಸಿಕೊಂಡು ಹೋದವಳು

ರಬಕವಿ
೧೨ ಆಗಸ್ಟ್ ೨೦೦೯

ನನ್ನ ಮುದ್ದಿನ ಗಂಗಾಂಬಿಕಾಗೆ, ನಿಮ್ಮವ್ವನ ಆಶೀರ್ವಾದಗಳು.

ಐದು ದಿನದಿಂದ ನಿನ್ನ ಫೋನ್ ಬಂದ್ ಇದೆ, ಅದಕ್ಕೆ ಈ ಕಾಗದ. ನಾಲ್ಕನೇ ಇಯತ್ತೆ ಓದಿದ ಕೈ ನನ್ನದು. ಅಕ್ಷರ ಸೊಟ್ಟಗಿದ್ದರೂ ಪೂರ್ತಿ ಓದು.

ಟಿ.ವಿ.ಯವರು ಶುಕ್ರವಾರ ತೋರಿಸಿದ್ದನ್ನು ನಾವು ನೋಡಲಿಲ್ಲ. ಭಾಗ್ಯಾ ನೋಡಿದಳು, ಗೆಳತಿಯ ಮನೆಯಲ್ಲಿ. ನಿನ್ನ ಧಾರಾವಾಹಿಯ ಫೋಟೋದ ಪಕ್ಕಕ್ಕೇ ತನ್ನ ಶಾಲೆಯ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ 'ನಟಿಯ ಗುಟ್ಟಿನ ಮಗಳು'. ಮೂರನೇ ಇಯತ್ತೆಯ ಹುಡುಗಿಗೆ ಅಷ್ಟು ಓದಲು ಎಷ್ಟು ಹೊತ್ತು ಬೇಕು? ಇಷ್ಟು ದಿನ ನನ್ನನ್ನು ಅವ್ವ, ನಿನ್ನನ್ನು ಅಕ್ಕ ಅನ್ನುತ್ತಿದ್ದಳು. ಈಗ ಯಾರನ್ನೂ ಏನೂ ಕರೆಯುವುದಿಲ್ಲ. ಹಸಿವಾದರೆ ತಾಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾಳೆ.

ಓಣಿಯ ಬಾಯಲ್ಲಿ ಟಿ.ವಿ.ಯವರ ಗಾಡಿ ಇನ್ನೂ ನಿಂತಿದೆ. ಅವರಿಗೇನು ಮನೆ ಮಕ್ಕಳು ಇಲ್ಲವೋ ಏನೋ. ಮಗ್ಗದ ಸಪ್ಪಳ ಕೇಳಿದರೆ ಕಿಟಕಿಗೆ ಕ್ಯಾಮೆರಾ ಬರುತ್ತದೆಂದು ನಿಮ್ಮಪ್ಪ ಮಗ್ಗ ನಿಲ್ಲಿಸಿದ್ದಾರೆ. ನೂಲು ಸುತ್ತಲು ಬರುವ ಯಲ್ಲಕ್ಕನೇ ಬಾಯಿಬಿಟ್ಟಿದ್ದಾಳೆಂದು ನೀನು ಶುಕ್ರವಾರ ರಾತ್ರಿ ಫೋನಿನಲ್ಲಿ ಅಂದೆಯಲ್ಲ, ಅದನ್ನೇ ನಂಬಿ ಅವಳನ್ನು ನಾಲ್ಕು ಜನರೆದುರು ಬೈದು ಬಂದರು. "ಮುಧೋಳದಾಗ ಗಂಗಾನ ಬಾಣಂತನ ಮಾಡಿದಾಕಿ ನಾ. ಹೇಳೂದಿದ್ರ ಎಂಟ ವರ್ಷ ತಡೀತಿದ್ನೇನ್ರಿ?" ಎಂದು ಅತ್ತಳಂತೆ.

ಇಪ್ಪತ್ತನೇ ತಾರೀಖು ಅದೇ ಚಾನೆಲ್‌ನಲ್ಲಿ ಕೂತು 'ಅವಳು ನನ್ನ ತಂಗಿ' ಎಂದು ನೀನು ಆಣೆ ಮಾಡುತ್ತೀಯಂತೆ. ಧಾರಾವಾಹಿ ಕೈಯಲ್ಲಿ ಉಳಿಯಬೇಕಾದರೆ ಹಾಗೆ ಹೇಳಲೇಬೇಕು ಎಂದು ಧಾರಾವಾಹಿಯವರು ಅಂದಿದ್ದಾರಂತೆ. ನಿನ್ನ ಹೊಟ್ಟೆಪಾಡು ನನಗೆ ಗೊತ್ತಿಲ್ಲವೇ? ಆದರೆ ಭಾಗ್ಯಾ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಪೆನ್ಸಿಲಿನಿಂದ ಗುಂಡಗೆ ಸುತ್ತು ಹಾಕಿಟ್ಟಿದ್ದಾಳೆ. ನಿನ್ನ ಬಾಯಿಂದ ಬಂದದ್ದೇ ಅವಳಿಗೆ ಖರೆ. ಅಲ್ಲಿಗೆ ಹೋಗಬೇಡ ಮಗಳೇ. ಇಲ್ಲಿಗೆ ಬಾ. ಏನು ಹೇಳುವುದಿದ್ದರೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳು.

ಇಂತಿ ನಿನ್ನ ಅವ್ವ,
ತಂಗೆವ್ವ

ತಾ.ಕ.: ಬಾಯಿಬಿಟ್ಟವಳು ಯಲ್ಲಕ್ಕ ಅಲ್ಲ, ನಾನು. ನಿಮ್ಮಪ್ಪನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಪಂಚಮಿಗೆ ಮೊದಲು ಒಬ್ಬ ಹುಡುಗಿ ಬಂದಿದ್ದಳು, ನಿನ್ನ ಜೊತೆ ನಟಿಸುವ ಗೆಳತಿ ಎಂದಳು. ಬರಿಗೈಲಿ ಹೇಗೆ ಕಳಿಸಲಿ? ಖಣ, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದೆ. ಉಡಿ ತುಂಬಿದ ಮೇಲೆ ಮನೆಮಗಳೇ ಅಂದುಕೊಂಡೆ. ಅಕ್ಕಿಯನ್ನು ಓಢಣಿಯ ತುದಿಗೆ ಕಟ್ಟಿಕೊಳ್ಳುತ್ತ, "ಗಂಗಾ ನನಗ ಎಲ್ಲಾ ಹೇಳ್ಯಾಳ್ರಿ ಅವ್ವಾರ. ಇಷ್ಟ ವರ್ಷ ನೀವೊಬ್ರ ಹೊತ್ತೀರಿ, ಭಾರ ಆಗಿಲ್ಲೇನ್ರಿ?" ಎಂದಳು. ಅತ್ತು ಎಲ್ಲ ಹೇಳಿಬಿಟ್ಟೆ. ಶಾಲೆಯ ಫೋಟೋ ಕೊಟ್ಟವಳೂ ನಾನೇ. ಅವಳು ಟಿ.ವಿ.ಯವಳೆಂದು ಶುಕ್ರವಾರವೇ ತಿಳಿದದ್ದು. ಭಾರ ಆಗಿಲ್ಲವೇ ಎಂಬ ಆ ಮಾತನ್ನು ಎಂಟು ವರ್ಷದಲ್ಲಿ ನನಗೆ ಯಾರೂ ಕೇಳಿರಲಿಲ್ಲ ಗಂಗಾ, ನೀನೂ ಕೇಳಿರಲಿಲ್ಲ.