ಸೈಕಲ್ಲಿನ ಉಯಿಲು

ಜುಲೈ ೧೯೯೯

ಅಕ್ಕಾ,

ಹುಷಾರಾಗಿದ್ದೇನೆ. ಇರುವ ಜಾಗದ ಹೆಸರು ಬರೆಯುವಂತಿಲ್ಲ, ಕಾರ್ಗಿಲ್ ಕಡೆ ಅಂದುಕೋ. ಒಂದು ಮರವೂ ಇಲ್ಲದ ಬೋಳು ಗುಡ್ಡಗಳು. ವಕೀಲನೆಂದು ನನ್ನನ್ನು ಇಲ್ಲಿ ಗುಡ್ಡ ಹತ್ತಲಿರುವ ಸಿಪಾಯಿಗಳ ಉಯಿಲು ಬರೆಯಲು ಕೂರಿಸಿದ್ದಾರೆ. ಮೊನ್ನೆ ಬನವಾಸಿ ಕಡೆಯ ಫಕೀರಪ್ಪ ಬಂದ. "ನನ್ನ ಹೆಸರಿಗೆ ಒಂದು ಸೈಕಲ್ ಬಿಟ್ರ ಏನೂ ಇಲ್ರಿ ಸಾಹೇಬ್ರ. ಅದನ್ನ ತಂಗಿಗೆ ಬರೀರಿ, ಆಕಿ ಸಾಲಿ ದೂರ ಐತಿ," ಎಂದ. ನಗುತ್ತಲೇ ಬರೆದುಕೊಟ್ಟೆ. ನಿನ್ನೆ ಅವನ ದೇಹ ಕೆಳಗೆ ಬಂತು. ಉಯಿಲು ಜಾರಿಗೆ ಬಂತು.

ಅದೇ ಸಂಜೆ ನಿನ್ನ ಪತ್ರ ಸಿಕ್ಕಿತು. ಬೇರೆ ಕೆಲಸದಲ್ಲಿರುವವರನ್ನು ಯುದ್ಧಕಾಲಕ್ಕೆ ಕರೆಸಿಕೊಳ್ಳುವ ಟೆರಿಟೋರಿಯಲ್ ಸೇನೆಯಿಂದ ನನಗೆ ಕರೆ ಬಂದಾಗ ನಮ್ಮೂರ ಪುರಸಭೆಯಲ್ಲಿ ಹಾರ ಹಾಕಿ, "ಹೋಗಿ ಬನ್ನಿ ವಕೀಲ್ರೇ, ನಿಮ್ಮ ಕೆಲಸ ಎಲ್ಲೂ ಹೋಗ್ತಿಲ್ಲೆ," ಎಂದಿದ್ದ ಅಧ್ಯಕ್ಷರು, ಈಗ ನಾನು ಸಭೆಗಳಿಗೆ ಗೈರುಹಾಜರೆಂದು ಠರಾವು ಮಾಡಿ, ನಾನು ಮಾಡುತ್ತಿದ್ದ ಕಾನೂನು ಸಲಹೆಗಾರನ ಕೆಲಸವನ್ನು ಸ್ವಂತ ಅಳಿಯನಿಗೆ ಕೊಟ್ಟರೇ? ಇಷ್ಟು ವರ್ಷ ಪುರಸಭೆಯ ಕೇಸು ನಡೆಸಿದವನು ನಾನು.

ನನ್ನ ಕೆಲಸಕ್ಕಾಗಿ ಭಾವ ಹೋಗಿ ಅಧ್ಯಕ್ಷರ ಕಾಲು ಹಿಡಿಯುವುದು ಬೇಡ. ನೀನು ಕೇಳಿದ್ದ ನನ್ನ ಮೊಣಕಾಲಿನ ನೋವಿಗೆ ಇಲ್ಲೇ ಔಷಧಿ ಸಿಕ್ಕಿದೆ. ಹೊರಗೆ ಮತ್ತೆ ಕೆಲವರು ಉಯಿಲಿಗೆ ಕಾಯುತ್ತಿದ್ದಾರೆ, ನಿಲ್ಲಿಸುತ್ತೇನೆ. ಬದುಕಿ ಬಂದರೆ ನನ್ನ ಮೊದಲ ಕೇಸು ಆ ಪುರಸಭೆಯ ಮೇಲೇ.

ನಿನ್ನ ತಮ್ಮ
ಗಜಾನನ